ಚಿನ್ನದ ನಾಣ್ಯ ಕೊಳ್ಳೋದಾದರೆ ಯಾವುದು? ಸವರನ್, ಕ್ರೂಗರ್‌ರಾಂಡ್, ಈಗಲ್, ಮೇಪಲ್ ಮತ್ತು ನಮ್ಮ ಬ್ಯಾಂಕಿನ ಕಾಯಿನ್

ಈಚೆಗೆ ಒಂದೇ ವಾರದಲ್ಲಿ ಮೂರು ಜನ ನನ್ನನ್ನು ಹೆಚ್ಚುಕಮ್ಮಿ ಒಂದೇ ಪ್ರಶ್ನೆ ಕೇಳಿದರು. ನ್ಯೂಜೆರ್ಸಿಯಲ್ಲಿರುವ ಗೆಳೆಯನಿಗೆ ಅಮೆರಿಕದ ಚಿನ್ನದ ನಾಣ್ಯಗಳಲ್ಲಿ ಈಗಲ್ ಕೊಳ್ಳಲೋ ಬಫೆಲೋ ಕೊಳ್ಳಲೋ ಅನ್ನುವ ಗೊಂದಲ. ಲಂಡನ್ ಹತ್ತಿರ ಇರುವ ಚಿಕ್ಕಮ್ಮನ ಮಗಳಿಗೆ ಬ್ರಿಟನ್ನಿನ ನಾಣ್ಯಗಳಲ್ಲಿ ಸವರನ್ನೋ ಬ್ರಿಟಾನಿಯಾವೋ ಅನ್ನುವ ಯೋಚನೆ. ತುಮಕೂರಿನಲ್ಲಿ ಈಗಷ್ಟೇ ರಿಟೈರ್ ಆದ ಮೇಷ್ಟ್ರೊಬ್ಬರು, "ಬ್ಯಾಂಕಲ್ಲಿ ಕೊಡೋ ಕಾಯಿನ್ನೇ ತಗೊಂಡ್ರೆ ಆಯ್ತಲ್ವಾ?" ಅಂದರು. ಮೂವರ ಕೈಯಲ್ಲಿರುವುದೂ ಉಳಿತಾಯದ ದುಡ್ಡು, ಮೂವರಿಗೂ ಬೇಕಾದದ್ದು ಚಿನ್ನ, ಆದರೆ ಮೂವರಿಗೂ ನಾನು ಕೊಟ್ಟ ಉತ್ತರ ಬೇರೆ ಬೇರೆ.

ಯಾಕೆ ಅಂದರೆ ನಾಣ್ಯ ಆರಿಸುವಾಗ ಎಲ್ಲರೂ ಮೊದಲು ನೋಡುವುದು ಶುದ್ಧತೆ, ಆಮೇಲೆ ಬೆಲೆ. ನಾನು ಮೊದಲು ಕೇಳುವುದು ಒಂದೇ: ಹತ್ತು ವರ್ಷದ ಮೇಲೆ ಇದನ್ನು ಯಾವ ಊರಿನಲ್ಲಿ, ಯಾರ ಎದುರು ಇಟ್ಟು ಮಾರುತ್ತೀರಿ? ಅದಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲು ಏನೇನು ನೋಡಬೇಕು

ಚಿನ್ನದ ಆ ದಿನದ ದರಕ್ಕಿಂತ ನಾಣ್ಯಕ್ಕೆ ಎಷ್ಟು ಜಾಸ್ತಿ ಕೊಡುತ್ತಿದ್ದೀರಿ, ಮಾರುವಾಗ ಎಷ್ಟು ಕಮ್ಮಿ ಸಿಗುತ್ತದೆ, ಇವೆರಡರ ನಡುವಿನ ಅಂತರವೇ ನಿಮ್ಮ ನಿಜವಾದ ಖರ್ಚು. ಜಾಸ್ತಿ ಕೊಡುವುದನ್ನು ವ್ಯಾಪಾರದಲ್ಲಿ ಪ್ರೀಮಿಯಂ ಅನ್ನುತ್ತಾರೆ. ಒಂದು ಲೆಕ್ಕ ನೋಡೋಣ. ಸುಲಭಕ್ಕೆ ಗ್ರಾಂಗೆ 10,000 ರೂಪಾಯಿ ಅಂತ ಇಟ್ಟುಕೊಳ್ಳಿ. 10 ಗ್ರಾಂ ನಾಣ್ಯದ ಚಿನ್ನದ ಬೆಲೆ 1,00,000. ಅಂಗಡಿಯವರು ಮೇಲೆ 4,000 ಹಾಕಿದರು. ಒಟ್ಟು ಮೊತ್ತದ ಮೇಲೆ ಶೇ 3 ಜಿಎಸ್‌ಟಿ. ನಿಮ್ಮ ಕೈಯಿಂದ ಹೋದದ್ದು 1,07,120. ಮರುದಿನವೇ ಮಾರಲು ಹೋದರೆ, ಶೇ 2 ಕಳೆದು ಕೊಡುವ ಅಂಗಡಿಯಲ್ಲಿ ಸಿಗುವುದು 98,000. ಅಂದರೆ ಹಾಕಿದ ದುಡ್ಡು ವಾಪಸ್ ಬರಬೇಕಾದರೇ ದರ ಗ್ರಾಂಗೆ ಸುಮಾರು 10,930 ಆಗಬೇಕು. ಈ ಲೆಕ್ಕವನ್ನು ನಿಮ್ಮ ಊರಿನ ದರ ಹಾಕಿ ಒಮ್ಮೆ ಪೇಪರ್ ಮೇಲೆ ಮಾಡಿ ನೋಡಿ, ಆಮೇಲೆ ಅಂಗಡಿಗೆ ಹೋಗಿ.

ಇನ್ನೊಂದು ಗಾತ್ರ. ಸಣ್ಣ ನಾಣ್ಯ ಅಚ್ಚು ಹಾಕುವುದಕ್ಕೂ ದೊಡ್ಡದು ಹಾಕುವುದಕ್ಕೂ ಕೂಲಿಯಲ್ಲಿ ಅಂಥ ವ್ಯತ್ಯಾಸ ಇಲ್ಲ. ಹಾಗಾಗಿ 1 ಗ್ರಾಂ, 2 ಗ್ರಾಂ ನಾಣ್ಯಗಳಲ್ಲಿ ಪ್ರೀಮಿಯಂ ಚಿನ್ನದ ಬೆಲೆಯನ್ನೇ ತಿನ್ನುತ್ತದೆ. ಆದರೆ ದೊಡ್ಡದರಲ್ಲಿ ಬೇರೆ ತೊಂದರೆ. ಒಂದು ಔನ್ಸ್ ಅಂದರೆ 31.1 ಗ್ರಾಂ. ಆಸ್ಪತ್ರೆ ಖರ್ಚಿಗೆ ಸ್ವಲ್ಪ ದುಡ್ಡು ಬೇಕಾದಾಗ ಅದನ್ನು ಮುರಿದು ಕಾಲು ಭಾಗ ಮಾರಲು ಆಗುವುದಿಲ್ಲ.

ಶುದ್ಧತೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ತುಂಬ ಜನರಲ್ಲಿದೆ. 22 ಕ್ಯಾರೆಟ್ ನಾಣ್ಯ ಅಂದ ತಕ್ಷಣ "ಅಯ್ಯೋ, ಬೆರಕೆ" ಅನ್ನುತ್ತಾರೆ. ದಕ್ಷಿಣ ಆಫ್ರಿಕಾದ ಕ್ರೂಗರ್‌ರಾಂಡ್ 22 ಕ್ಯಾರೆಟ್ಟಿನದೇ, ಆದರೆ ಒಂದು ಔನ್ಸ್‌ನ ನಾಣ್ಯದಲ್ಲಿ ಇರುವ ಚಿನ್ನ ಪೂರ್ತಿ ಒಂದು ಔನ್ಸ್. ಅದರ ಮೇಲೆ ತಾಮ್ರ ಸೇರಿ ನಾಣ್ಯದ ತೂಕ 33.93 ಗ್ರಾಂ ಆಗುತ್ತದೆ. ಚಿನ್ನ ಕಮ್ಮಿ ಮಾಡಿ ತಾಮ್ರ ಹಾಕಿದ್ದಲ್ಲ, ಚಿನ್ನ ಪೂರ್ತಿ ಇಟ್ಟು ಗಟ್ಟಿಯಾಗಲಿ ಅಂತ ತಾಮ್ರ ಸೇರಿಸಿದ್ದು. ಅಪರಂಜಿ ಮೆತ್ತಗೆ. ಒಂದಕ್ಕೊಂದು ತಾಗಿದರೂ ಗೆರೆ ಬೀಳುತ್ತದೆ.

ಕೊನೆಯದು ತೆರಿಗೆ ಮತ್ತು ನಕಲಿ. ಅವನ್ನು ಒಂದೊಂದು ನಾಣ್ಯದ ಜೊತೆಗೇ ಹೇಳುತ್ತೇನೆ, ಯಾಕೆಂದರೆ ದೇಶ ಬದಲಾದರೆ ಅವೂ ಬದಲಾಗುತ್ತವೆ.

ಕ್ರೂಗರ್‌ರಾಂಡ್: ಎಲ್ಲ ಶುರುವಾದದ್ದು ಇಲ್ಲಿಂದ

ನಾವೀಗ ಬುಲಿಯನ್ ನಾಣ್ಯ ಅನ್ನುತ್ತೇವಲ್ಲ, ಅಂದರೆ ಚಲಾವಣೆಗೆ ಅಲ್ಲದೆ ಜನ ಕೂಡಿಟ್ಟುಕೊಳ್ಳಲಿ ಅಂತಲೇ, ಚಿನ್ನದ ದರಕ್ಕೆ ಹತ್ತಿರದ ಬೆಲೆಗೆ ಮಾರುವ ನಾಣ್ಯ, ಅದಕ್ಕೆ ದಾರಿ ಹಾಕಿದ್ದು ದಕ್ಷಿಣ ಆಫ್ರಿಕಾ. 1967ರ ಜುಲೈನಲ್ಲಿ ಮೊದಲ ಕ್ರೂಗರ್‌ರಾಂಡ್ ಹೊರಬಂತು. ಅಲ್ಲಿನ ಗಣಿಗಳ ಚಿನ್ನವನ್ನು ಜಗತ್ತಿನ ಸಾಮಾನ್ಯ ಜನರಿಗೆ ಮಾರುವುದೇ ಉದ್ದೇಶ. ಒಂದು ಕಡೆ ಅಲ್ಲಿನ ಹಳೆಯ ಮುಖಂಡ ಪಾಲ್ ಕ್ರೂಗರ್ ಮುಖ, ಇನ್ನೊಂದು ಕಡೆ ಸ್ಪ್ರಿಂಗ್‌ಬಾಕ್ ಜಿಂಕೆ. ಅದರ ಮೇಲೆ ಮುಖಬೆಲೆಯೇ ಇಲ್ಲ. ಆ ದಿನ ಚಿನ್ನಕ್ಕೆ ಎಷ್ಟೋ ಅದಕ್ಕೂ ಅಷ್ಟೇ. ಈಗ ಸಾಧಾರಣ ಅನ್ನಿಸುವ ಈ ಯೋಚನೆ ಆಗ ಹೊಸದು.

ಅಮೆರಿಕದಲ್ಲಿ 1933ರಿಂದ ಜನ ತಮ್ಮ ಬಳಿ ಚಿನ್ನ ಇಟ್ಟುಕೊಳ್ಳುವುದಕ್ಕೆ ನಿರ್ಬಂಧ ಇತ್ತು. 1974ರ ಡಿಸೆಂಬರ್ 31ಕ್ಕೆ ಅದು ತೆರವಾಯಿತು. ಆಗ ಅಲ್ಲಿ ಸುಲಭವಾಗಿ ಸಿಗುತ್ತಿದ್ದದ್ದು ಇದೇ ನಾಣ್ಯ. 1980ರಲ್ಲಿ ಅರ್ಧ, ಕಾಲು, ಹತ್ತನೇ ಒಂದು ಔನ್ಸ್‌ನ ಸಣ್ಣವೂ ಬಂದವು. ಆದರೆ ಆ ಚಿನ್ನವನ್ನು ಗಣಿಯಿಂದ ತೆಗೆಯುತ್ತಿದ್ದ ಕರಿಯ ಕಾರ್ಮಿಕರ ಪಾಡು ಏನಿತ್ತು ಅನ್ನುವುದನ್ನು ಮರೆಯಬಾರದು. ವರ್ಣಭೇದ ನೀತಿಯ ವಿರುದ್ಧ ಜಗತ್ತಿನಾದ್ಯಂತ ಹೋರಾಟ ಎದ್ದಾಗ ಈ ನಾಣ್ಯದ ಮೇಲೆ ಬಹಿಷ್ಕಾರ ಬಂತು. 1985ರಲ್ಲಿ ಅಮೆರಿಕ ಇದರ ಆಮದು ನಿಲ್ಲಿಸಿತು, 1991ರಲ್ಲಿ ನಿಷೇಧ ತೆಗೆಯಿತು. ಆ ಆರು ವರ್ಷದ ಸುತ್ತಮುತ್ತಲೇ ಈಗಲ್, ಬ್ರಿಟಾನಿಯಾ, ಆಸ್ಟ್ರೇಲಿಯಾದ ನಗೆಟ್, ವಿಯೆನ್ನಾ ಫಿಲ್ಹಾರ್ಮೋನಿಕ್ ಎಲ್ಲ ಹುಟ್ಟಿದವು. ಇವತ್ತು ನಮ್ಮ ಮುಂದೆ ಇಷ್ಟು ಆಯ್ಕೆ ಇರುವುದಕ್ಕೆ ಆ ಬಹಿಷ್ಕಾರವೂ ಒಂದು ಕಾರಣ.

ಕೈಗೆ ತೆಗೆದುಕೊಂಡರೆ ಮೊದಲು ಕಾಣುವುದು ಬಣ್ಣ. ಬೆರೆತಿರುವುದು ಬರೀ ತಾಮ್ರ, ಹಾಗಾಗಿ ಕೆಂಪುಛಾಯೆ. ಗಟ್ಟಿಯಾದ ನಾಣ್ಯ. ಪ್ಲಾಸ್ಟಿಕ್ ಡಬ್ಬಿ ಇಲ್ಲದೆ ಬಟ್ಟೆಯಲ್ಲಿ ಸುತ್ತಿಟ್ಟರೂ ಅಂಥ ಹಾನಿ ಆಗುವುದಿಲ್ಲ. ಜಗತ್ತಿನ ಹೆಚ್ಚಿನ ಚಿನ್ನದ ವ್ಯಾಪಾರಿಗಳಿಗೆ ಗೊತ್ತಿರುವ ನಾಣ್ಯ, ಪ್ರೀಮಿಯಂ ಸಾಮಾನ್ಯವಾಗಿ ಕಮ್ಮಿ. ಒಂದು ಔನ್ಸ್ ಚಿನ್ನ ಆದಷ್ಟು ಕಮ್ಮಿ ದುಡ್ಡಿಗೆ ಬೇಕು, ಅಂದಚಂದ ಬೇಡ ಅನ್ನುವವರಿಗೆ ನಾನು ಇದನ್ನೇ ಹೇಳುವುದು. ಆದರೆ ಬ್ರಿಟನ್‌ನಲ್ಲಿ ಲಾಭದ ಮೇಲೆ ತೆರಿಗೆ ಬೀಳುತ್ತದೆ, ಅಮೆರಿಕದಲ್ಲಿ ನಿವೃತ್ತಿ ಖಾತೆಯೊಳಗೆ ಇಡಲು ಆಗುವುದಿಲ್ಲ. ಭಾರತದಲ್ಲಂತೂ ಅಂಗಡಿಯವರು ಇದನ್ನು ನೋಡಿರುವುದೇ ಅಪರೂಪ.

ಮೇಪಲ್ ಲೀಫ್

ಕೆನಡಾದ ಟಂಕಸಾಲೆ 1979ರಲ್ಲಿ ತಂದದ್ದು. ಮೊದಲು 999 ಶುದ್ಧತೆ, ಅಂದರೆ ಸಾವಿರ ಭಾಗದಲ್ಲಿ 999 ಭಾಗ ಚಿನ್ನ. 1982ರ ಕೊನೆಗೆ ಅದನ್ನು 9999ಕ್ಕೆ, ಅಂದರೆ ಹತ್ತು ಸಾವಿರದಲ್ಲಿ 9999 ಭಾಗಕ್ಕೆ ಏರಿಸಿದರು. ನಾಲ್ಕು ಒಂಬತ್ತು ಅನ್ನುವ ಮಾತು ಬುಲಿಯನ್ ನಾಣ್ಯಕ್ಕೆ ಅಂಟಿಕೊಂಡದ್ದು ಇದರಿಂದಲೇ. ಮುಖಬೆಲೆ 50 ಡಾಲರ್, ಅದು ಹೆಸರಿಗೆ ಮಾತ್ರ.

ಇದರಲ್ಲಿ ನನಗೆ ತುಂಬ ಇಷ್ಟವಾಗುವುದು ನಕಲಿ ತಡೆಯಲು ಅವರು ಪಟ್ಟಿರುವ ಶ್ರಮ. 2013ರಿಂದ ದೊಡ್ಡ ಎಲೆಯ ಪಕ್ಕ ಒಂದು ಪುಟ್ಟ ಎಲೆ ಲೇಸರ್‌ನಿಂದ ಮೂಡಿರುತ್ತದೆ. ಭೂತಗನ್ನಡಿ ಹಿಡಿದು ನೋಡಿದರೆ ಅದರೊಳಗೆ ಇಸವಿಯ ಕೊನೆಯ ಎರಡು ಅಂಕಿ ಕಾಣುತ್ತವೆ. ಆಮೇಲೆ ಬಂದ ನಾಣ್ಯಗಳ ಬಯಲು ಭಾಗದಲ್ಲಿ ನಡುವಿನಿಂದ ಹೊರಕ್ಕೆ ಹರಡುವ ಸಣ್ಣ ಗೆರೆಗಳಿವೆ, ಬೆಳಕಿಗೆ ತಿರುಗಿಸಿದರೆ ಸೂರ್ಯನ ಕಿರಣದ ಹಾಗೆ ಓಡುತ್ತವೆ. ಸಣ್ಣ ಅಚ್ಚಿನಲ್ಲಿ ನಕಲಿ ಮಾಡುವವರಿಗೆ ಅದು ಕಷ್ಟ.

ಕೊರತೆ ಅಂದರೆ ಮೆತ್ತಗೆ. ಬೆರಳಿನಿಂದ ಉಜ್ಜಿದರೂ ಹೊಳಪು ಮಂಕಾಗುತ್ತದೆ, ಅಂಚು ತಗ್ಗುತ್ತದೆ. ಡಬ್ಬಿಯಲ್ಲೇ ಇರಬೇಕು. ಕೆನಡಾ, ಅಮೆರಿಕ, ಯುರೋಪ್ ಮೂರೂ ಕಡೆ ಸುಲಭವಾಗಿ ಮಾರಾಟವಾಗುತ್ತದೆ. ದುಬೈನಲ್ಲಿರುವವರಿಗೂ ಇದು ಕ್ರೂಗರ್‌ರಾಂಡ್‌ಗಿಂತ ಒಳ್ಳೆಯದು, ಯಾಕೆಂದರೆ ಯುಎಇಯಲ್ಲಿ ಶೇ 99 ಅಥವಾ ಅದಕ್ಕಿಂತ ಜಾಸ್ತಿ ಶುದ್ಧತೆಯ ಹೂಡಿಕೆ ಚಿನ್ನಕ್ಕೆ ವ್ಯಾಟ್ ದರ ಸೊನ್ನೆ, 22 ಕ್ಯಾರೆಟ್ಟಿಗೆ ಶೇ 5 ಬೀಳುತ್ತದೆ.

ಈಗಲ್ ಮತ್ತು ಬಫೆಲೋ

ನ್ಯೂಜೆರ್ಸಿ ಗೆಳೆಯನ ಪ್ರಶ್ನೆಗೆ ಬಂದೆ. 1985ರ ಕಾಯ್ದೆಯಿಂದ ಹುಟ್ಟಿ 1986ರಲ್ಲಿ ಬಂದದ್ದು ಈಗಲ್. ಅಮೆರಿಕದ ಗಣಿಗಳಲ್ಲೇ ತೆಗೆದ ಚಿನ್ನ ಬಳಸಬೇಕು ಅಂತ ಕಾಯ್ದೆಯೇ ಹೇಳುತ್ತದೆ. 22 ಕ್ಯಾರೆಟ್, ಆದರೆ ಬೆರಕೆಯಲ್ಲಿ ತಾಮ್ರದ ಜೊತೆ ಶೇ 3ರಷ್ಟು ಬೆಳ್ಳಿಯೂ ಇದೆ, ಹಾಗಾಗಿ ಕ್ರೂಗರ್‌ರಾಂಡ್‌ನಷ್ಟು ಕೆಂಪಿಲ್ಲ. ಮುಂಭಾಗದ ಚಿತ್ರ ಅಗಸ್ಟಸ್ ಸೇಂಟ್-ಗಾಡೆನ್ಸ್ 1907ರ 20 ಡಾಲರ್ ನಾಣ್ಯಕ್ಕೆ ಮಾಡಿದ್ದ ಸ್ವಾತಂತ್ರ್ಯದೇವಿ. ಪಂಜು ಹಿಡಿದು ಎದುರಿಗೆ ನಡೆದು ಬರುತ್ತಿದ್ದಾಳೆ. ನನ್ನ ಕಣ್ಣಿಗೆ ಬುಲಿಯನ್ ನಾಣ್ಯಗಳಲ್ಲೇ ಚೆಂದದ ಮುಖ ಇದು. 1986ರಿಂದ 1991ರವರೆಗಿನವುಗಳ ಮೇಲೆ ಇಸವಿ ರೋಮನ್ ಅಂಕಿಯಲ್ಲಿದೆ, ಸಂಗ್ರಹಕಾರರಿಗೆ ಅವು ಇಷ್ಟ. 2021ರಲ್ಲಿ ಹಿಂಭಾಗದ ಚಿತ್ರ ಬದಲಾಯಿತು, ಅಂಚಿನ ಹಲ್ಲುಗಳಲ್ಲಿ ಒಂದು ಕಡೆ ಬೇಕಂತಲೇ ಒಂದು ಹಲ್ಲು ಬಿಟ್ಟಿದ್ದಾರೆ. ನಕಲಿ ಪತ್ತೆಗೆ ಅದೊಂದು ಗುರುತು.

ಬಫೆಲೋ 2006ರಲ್ಲಿ ಬಂತು. 9999 ಶುದ್ಧತೆ, ಚಿತ್ರ 1913ರ ಐದು ಸೆಂಟ್ ನಾಣ್ಯದ್ದು. ಒಂದು ಔನ್ಸ್ ಬಿಟ್ಟರೆ ಸಣ್ಣ ಗಾತ್ರಗಳು 2008ರಲ್ಲಿ ಮಾತ್ರ ಬಂದವು.

ಅಮೆರಿಕದಲ್ಲೇ ಕೊಂಡು ಅಲ್ಲೇ ಮಾರುವುದಾದರೆ ಎರಡೂ ಸರಿ. ನಿವೃತ್ತಿ ಖಾತೆಯಲ್ಲಿ ಇಡಬಹುದು. ಅಲ್ಲಿ ಚಿನ್ನಕ್ಕೆ 995 ಶುದ್ಧತೆಯ ನಿಯಮ ಇದ್ದರೂ ಈಗಲ್‌ಗೆ ಕಾಯ್ದೆಯೇ ವಿನಾಯಿತಿ ಕೊಟ್ಟಿದೆ. ಆದರೆ ಆ ನಾಣ್ಯ ನಿಮ್ಮ ಮನೆ ಬೀರುವಿನಲ್ಲಿ ಇರುವಂತಿಲ್ಲ. ಮನೆಯಲ್ಲಿ ಇಟ್ಟುಕೊಂಡು ವರ್ಷದ ಮೇಲೆ ಮಾರಿದರೆ ಲಾಭಕ್ಕೆ ಸಂಗ್ರಹ ವಸ್ತುವಿನ ತೆರಿಗೆ, ಗರಿಷ್ಠ ಶೇ 28. ಗೆಳೆಯನಿಗೆ ನಾನು ಹೇಳಿದ್ದು ಇಷ್ಟು: ಕಾಲು ಔನ್ಸ್, ಹತ್ತನೇ ಒಂದು ಔನ್ಸ್ ಹೀಗೆ ಸಣ್ಣ ಗಾತ್ರವೂ ಬೇಕು ಅನ್ನಿಸಿದರೆ ಈಗಲ್, ಒಂದೊಂದೇ ಔನ್ಸ್ ತೆಗೆದು ಡಬ್ಬಿ ಸಮೇತ ಇಡುವುದಾದರೆ ಎರಡರಲ್ಲಿ ಆ ದಿನ ಯಾವುದಕ್ಕೆ ಪ್ರೀಮಿಯಂ ಕಮ್ಮಿಯೋ ಅದು. ಈಗಲ್‌ಗೆ ಕೊಡುವಾಗ ಜಾಸ್ತಿ ಕೊಟ್ಟರೂ ಅಲ್ಲಿನ ಅಂಗಡಿಗಳಲ್ಲಿ ಮಾರುವಾಗಲೂ ಸ್ವಲ್ಪ ಜಾಸ್ತಿ ಸಿಗುತ್ತದೆ. ಊರಿಗೆ ತಂದು ಮಾರಿದರೆ ಆ ಜಾಸ್ತಿ ಯಾರೂ ಕೊಡುವುದಿಲ್ಲ.

ಊರಿಗೆ ತರುವ ಮಾತು ಬಂದದ್ದಕ್ಕೆ ಇನ್ನೊಂದು. ವಿದೇಶದಲ್ಲಿ ವರ್ಷಕ್ಕಿಂತ ಜಾಸ್ತಿ ಇದ್ದು ಬರುವವರಿಗೆ ಸುಂಕವಿಲ್ಲದೆ ತರಲು ಬಿಡುವುದು ಆಭರಣ. ನಾಣ್ಯ ಆಭರಣ ಅಲ್ಲ. ತಂದರೆ ಘೋಷಿಸಿ ಸುಂಕ ಕಟ್ಟಬೇಕು. ಜೇಬಿನಲ್ಲಿ ಒಂದೇ ಒಂದು ಇದ್ದರೂ ನಿಯಮ ಅದೇ.

ಬ್ರಿಟಾನಿಯಾ, ಫಿಲ್ಹಾರ್ಮೋನಿಕ್, ಕಾಂಗರೂ, ಪಾಂಡಾ

ಬ್ರಿಟಾನಿಯಾ 1987ರದು. 2012ರವರೆಗೆ 22 ಕ್ಯಾರೆಟ್, 2013ರಿಂದ 9999. ಹಳೆಯದು ಕೊಳ್ಳುವವರು ಇದನ್ನು ನೆನಪಿಡಿ, ಬಣ್ಣ ಬೇರೆ ಕಂಡರೆ ಗಾಬರಿಯಾಗಬೇಡಿ. 2021ರಿಂದ ಅದರ ಮೇಲೊಂದು ಪುಟ್ಟ ಚಿತ್ರವಿದೆ, ಒಂದು ಕಡೆಯಿಂದ ನೋಡಿದರೆ ತ್ರಿಶೂಲ, ಸ್ವಲ್ಪ ವಾಲಿಸಿದರೆ ಬೀಗ. ಬ್ರಿಟನ್‌ನಲ್ಲಿ ಇರುವವರಿಗೆ ಇದರ ದೊಡ್ಡ ಲಾಭ ತೆರಿಗೆಯದ್ದು. ಅಲ್ಲಿನ ಕಾನೂನುಬದ್ಧ ಹಣ ಆದ್ದರಿಂದ ಬ್ರಿಟಾನಿಯಾ, ಸವರನ್ ಎರಡಕ್ಕೂ ಲಾಭದ ಮೇಲೆ ಬಂಡವಾಳ ತೆರಿಗೆ ಇಲ್ಲ. ಮೇಪಲ್‌ಗೂ ಕ್ರೂಗರ್‌ರಾಂಡ್‌ಗೂ ಆ ಅನುಕೂಲ ಇಲ್ಲ. ಲಂಡನ್‌ನಲ್ಲಿ ಕೂತು ಬೇರೆ ದೇಶದ ನಾಣ್ಯ ಕೊಳ್ಳಲು ನನಗಂತೂ ಕಾರಣ ಕಾಣುವುದಿಲ್ಲ.

ಫಿಲ್ಹಾರ್ಮೋನಿಕ್ 1989ರಲ್ಲಿ ಆಸ್ಟ್ರಿಯಾದಿಂದ ಬಂತು. 37 ಮಿಲಿಮೀಟರ್ ಅಗಲ, ತೆಳ್ಳಗೆ. ವಿಯೆನ್ನಾದ ಸಂಗೀತ ಸಭಾಂಗಣದ ಆರ್ಗನ್ ಒಂದು ಕಡೆ, ವಾದ್ಯಗಳು ಇನ್ನೊಂದು ಕಡೆ. ಯುರೋಪಿನಲ್ಲಿ ಇರುವವರಿಗೆ ಒಳ್ಳೆಯ ಆಯ್ಕೆ. ಜರ್ಮನಿಯಲ್ಲಿದ್ದರೆ ಚಿನ್ನವನ್ನು ವರ್ಷಕ್ಕಿಂತ ಜಾಸ್ತಿ ಇಟ್ಟು ಮಾರಿದರೆ ಲಾಭಕ್ಕೆ ತೆರಿಗೆಯೇ ಇಲ್ಲ, ಹಾಗಾಗಿ ಅಲ್ಲಿ ಪ್ರೀಮಿಯಂ ನೋಡಿ ಯಾವುದನ್ನಾದರೂ ಕೊಳ್ಳಬಹುದು. ಆಸ್ಟ್ರೇಲಿಯಾದ್ದು 1986ರಲ್ಲಿ ನಗೆಟ್ ಆಗಿ ಶುರುವಾಗಿ ಆಮೇಲೆ ಕಾಂಗರೂ ಆಯಿತು, 9999, ಮೆಲ್ಬರ್ನ್ ಸಿಡ್ನಿಯವರು ಅದನ್ನೇ ತೆಗೆದುಕೊಳ್ಳಲಿ.

ಪಾಂಡಾ ಮಾತ್ರ ಬೇರೆ ಜಾತಿ. 1982ರಿಂದ ಚೀನಾ ತರುತ್ತಿದೆ, ಹೆಚ್ಚುಕಮ್ಮಿ ಪ್ರತಿ ವರ್ಷ ಹೊಸ ಚಿತ್ರ. 2016ರಿಂದ ಔನ್ಸ್ ಬಿಟ್ಟು ಗ್ರಾಂಗೆ ಬಂದರು, ದೊಡ್ಡದು 30 ಗ್ರಾಂ. ಅಂದರೆ ಔನ್ಸ್‌ಗಿಂತ 1.1 ಗ್ರಾಂ ಕಮ್ಮಿ, ಬೆಲೆ ಹೋಲಿಸುವಾಗ ಇದು ಮರೆತರೆ ನಷ್ಟ. ಸಂಗ್ರಹದ ಆಸೆ ಇರುವವರಿಗೆ ತುಂಬ ಚೆಂದ. ನಕಲಿಗಳು ಬೇಕಾದಷ್ಟಿವೆ. ಚಿನ್ನ ಕೂಡಿಡುವುದಷ್ಟೇ ಉದ್ದೇಶವಾದರೆ ಇದಕ್ಕೆ ಕೈ ಹಾಕಬೇಡಿ.

ಸವರನ್: ನಮ್ಮ ಮನೆಯೊಳಗೇ ಇರುವ ನಾಣ್ಯ

ಬೆಂಗಳೂರು ಮೈಸೂರು ಕಡೆ ಸವರನ್, ಕರಾವಳಿಯಲ್ಲಿ ಪವನು. ಮಗಳಿಗೆ ಎಷ್ಟು ಪವನು ಹಾಕಿದಿರಿ ಅಂತ ಮದುವೆಮನೆಯಲ್ಲಿ ಕೇಳುವಾಗ ಯಾರಿಗೂ ಇಂಗ್ಲೆಂಡ್ ನೆನಪಾಗುವುದಿಲ್ಲ. ಆದರೆ 8 ಗ್ರಾಂ ಅನ್ನುವ ಆ ಅಳತೆ ಬಂದದ್ದು ಬ್ರಿಟಿಷ್ ಸವರನ್ ನಾಣ್ಯದಿಂದ. ಅದರ ಸರಿಯಾದ ತೂಕ 7.988 ಗ್ರಾಂ, 22 ಕ್ಯಾರೆಟ್, ಅದರೊಳಗಿನ ಅಪರಂಜಿ 7.32 ಗ್ರಾಂ.

ಹೆಸರು 1489ರಷ್ಟು ಹಳೆಯದು, ಏಳನೇ ಹೆನ್ರಿಯ ಕಾಲದ್ದು. ನಾವು ನೋಡುವ ರೂಪ 1817ರದು. ಕುದುರೆ ಏರಿ ಡ್ರ್ಯಾಗನ್ ಕೊಲ್ಲುವ ಸೇಂಟ್ ಜಾರ್ಜ್ ಚಿತ್ರ ಬೆನೆದೆತ್ತೊ ಪಿಸ್ತ್ರುಚಿ ಅನ್ನುವ ಇಟಲಿಯ ಕೆತ್ತನೆಗಾರನದು. ಇನ್ನೂರು ವರ್ಷ ದಾಟಿದರೂ ಅದೇ ಚಿತ್ರ ನಡೆಯುತ್ತಿದೆ. ಚಿನ್ನ ಸಿಗುವ ಊರುಗಳಲ್ಲೇ ಅಚ್ಚು ಹಾಕಿದರೆ ಸಾಗಣೆ ಉಳಿಯುತ್ತದೆ ಅಂತ ಸಿಡ್ನಿ, ಮೆಲ್ಬರ್ನ್, ಪರ್ತ್, ಒಟ್ಟಾವಾ, ಪ್ರಿಟೋರಿಯಾಗಳಲ್ಲೂ ಇದನ್ನು ಮಾಡಿದರು. ಮೊದಲನೇ ಮಹಾಯುದ್ಧದ ಸಮಯ, 1918ರಲ್ಲಿ, ಒಂದೇ ಒಂದು ವರ್ಷ ಮುಂಬಯಿಯಲ್ಲೂ ಆಯಿತು, ಸುಮಾರು 13 ಲಕ್ಷ ನಾಣ್ಯ. ಅದೇ ವರ್ಷ ಅಲ್ಲಿ 15 ರೂಪಾಯಿಯ ಚಿನ್ನದ ಮೊಹರನ್ನೂ ಅಚ್ಚು ಹಾಕಿದರು. ತೂಕ, ಶುದ್ಧತೆ ಸವರನ್‌ನದ್ದೇ, ಯಾಕೆಂದರೆ ಒಂದು ಸವರನ್‌ಗೆ 15 ರೂಪಾಯಿ ಅಂತ ದರ ಗೊತ್ತುಮಾಡಿದ್ದರು.

ನಮ್ಮ ಅಜ್ಜಿಯ ಕಾಸಿನ ಸರದಲ್ಲಿ ಹನ್ನೊಂದು ಸವರನ್ ಇದ್ದವು. ಒಂದು ಮಧ್ಯಾಹ್ನ ಕಿಟಕಿ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ಒಂದೊಂದನ್ನೇ ನೋಡುತ್ತಿದ್ದೆ. ಇಸವಿಯ ಮೇಲೆ, ಕುದುರೆ ಕಾಲಿನ ಕೆಳಗೆ ನೆಲದ ಗೆರೆ ಇರುತ್ತದಲ್ಲ, ಅದರ ನಡುವೆ ಯಾವ ಟಂಕಸಾಲೆಯದು ಅಂತ ಹೇಳುವ, ಸಾಸಿವೆಗಿಂತ ಸಣ್ಣ ಅಕ್ಷರ. ಎಸ್, ಪಿ, ಮತ್ತೆ ಪಿ, ಎಂ. ಏಳನೆಯದರಲ್ಲಿ ಐ. ಇಂಡಿಯಾದ ಐ. 1918. ಅಷ್ಟು ವರ್ಷ ಹಬ್ಬಕ್ಕೆ ಹಾಕಿ ತೆಗೆದು, ಅಂಟುವಾಳದ ನೊರೆಯಲ್ಲಿ ಉಜ್ಜಿ ತೊಳೆದು, ರಾಜನ ಗಡ್ಡ ಸವೆದು ನುಣ್ಣಗಾಗಿತ್ತು. ತಲೆಯ ಮೇಲೆ ಕೊಂಡಿಯ ಬೆಸುಗೆ. ಸಂಗ್ರಹಕಾರರ ಲೆಕ್ಕದಲ್ಲಿ ಅದಕ್ಕೆ ತೂಕದ ಬೆಲೆ ಬಿಟ್ಟು ಇನ್ನೇನೂ ಇಲ್ಲ. ನಿಮ್ಮ ಮನೆಯಲ್ಲಿ ಕೊಂಡಿ ಇಲ್ಲದ ಹಳೆಯ ಸವರನ್ ಇದ್ದರೆ ದಯವಿಟ್ಟು ಉಜ್ಜಬೇಡಿ, ಪಾಲಿಶ್ ಮಾಡಿಸಬೇಡಿ, ಸರಕ್ಕೆ ಬೆಸೆಯಬೇಡಿ.

ಕೊಳ್ಳುವ ದೃಷ್ಟಿಯಿಂದ ಸವರನ್ ನನಗೆ ಯಾಕೆ ಇಷ್ಟ ಅಂದರೆ ಗಾತ್ರ. ಕಾಲು ಔನ್ಸ್‌ಗಿಂತ ಸ್ವಲ್ಪ ಕಮ್ಮಿ. ಬೇಕಾದಾಗ ಒಂದೊಂದೇ ಮಾರಬಹುದು. ಕಾಲು ಔನ್ಸ್‌ನ ಬೇರೆ ನಾಣ್ಯಗಳಿಗೆ ಹೋಲಿಸಿದರೆ ಬ್ರಿಟನ್‌ನಲ್ಲಿ ಪ್ರೀಮಿಯಂ ಸಾಮಾನ್ಯವಾಗಿ ಕಮ್ಮಿ, ಯಾಕೆಂದರೆ ಹಳೆಯವು ಲಕ್ಷಗಟ್ಟಲೆ ಕೈ ಬದಲಾಗುತ್ತಲೇ ಇರುತ್ತವೆ. ಹೊಸದೇ ಬೇಕೆಂದಿಲ್ಲ, ಐದನೇ ಜಾರ್ಜ್ ಕಾಲದ್ದನ್ನೂ ಚಿನ್ನದ ದರಕ್ಕೆ ಹತ್ತಿರದ ಬೆಲೆಗೆ ಕೊಡುತ್ತಾರೆ. ಅದೇ ದುಡ್ಡಿಗೆ ಇತಿಹಾಸವೂ ಕೈಗೆ ಬರುತ್ತದೆ.

ಸಂಗ್ರಹ ಶುರುಮಾಡಲು ಇದಕ್ಕಿಂತ ಒಳ್ಳೆಯದು ಇಲ್ಲ. ಟಂಕಸಾಲೆಗೆ ಒಂದರಂತೆ ಸೇರಿಸುವುದು ಒಂದು ದಾರಿ, ರಾಜರಾಣಿಯರಿಗೆ ಒಂದರಂತೆ ಇನ್ನೊಂದು ದಾರಿ. ಆದರೆ ಒಂದು ಎಚ್ಚರಿಕೆ. ಒಂದೇ ಇಸವಿಯಲ್ಲಿ ಒಂದು ಅಕ್ಷರದಿಂದ ಬೆಲೆ ಆಕಾಶ ಪಾತಾಳ ಆಗುತ್ತದೆ. 1917ರ ಸಿಡ್ನಿ, ಪರ್ತ್ ನಾಣ್ಯಗಳು ಸಾಧಾರಣ, ಅದೇ 1917ರಲ್ಲಿ ಯಾವ ಅಕ್ಷರವೂ ಇಲ್ಲದ ಲಂಡನ್ ನಾಣ್ಯ ತುಂಬ ಅಪರೂಪ. ಅದರ ನಕಲಿಗಳೂ ಇವೆ. ಅಂಥದ್ದನ್ನು ಪರಿಣತರು ಪರೀಕ್ಷಿಸಿ ಡಬ್ಬಿಯಲ್ಲಿ ಮುಚ್ಚಿ ಕೊಟ್ಟದ್ದನ್ನು ಬಿಟ್ಟು ಬೇರೆಯದನ್ನು ಕೊಳ್ಳಬೇಡಿ. ಮತ್ತೆ, ಕೂಡಿಡುವ ಚಿನ್ನದ ದುಡ್ಡನ್ನೂ ಸಂಗ್ರಹದ ದುಡ್ಡನ್ನೂ ಬೇರೆ ಇಡಿ. ಚಿನ್ನ ಏರಿದರೆ ಅಪರೂಪದ ನಾಣ್ಯವೂ ಅಷ್ಟೇ ಏರುತ್ತದೆ ಅಂತ ಏನೂ ಇಲ್ಲ, ಅದಕ್ಕೆ ಬೇಕಾದ ಗಿರಾಕಿ ಸಿಗಲು ತಿಂಗಳುಗಟ್ಟಲೆ ಕಾಯಬೇಕು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಹೇಳುತ್ತೇನೆ. 0.01 ಗ್ರಾಂವರೆಗೆ ತೋರಿಸುವ ಸಣ್ಣ ತಕ್ಕಡಿ ಬೇಕು. ಸವರನ್ ತೂಕ ಹಾಕಿ, ಹೊಸದಾದರೆ 7.98 ಅಥವಾ 7.99, ಸವೆದಿದ್ದರೆ ಸ್ವಲ್ಪ ಕಮ್ಮಿ. ಈಗ ಒಂದು ಸಣ್ಣ ಲೋಟದಲ್ಲಿ ನೀರು ತುಂಬಿ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ನಾಣ್ಯವನ್ನು ಸಣ್ಣ ದಾರಕ್ಕೆ ಕಟ್ಟಿ ನೀರಿನಲ್ಲಿ ಇಳಿಬಿಡಿ, ಪೂರ್ತಿ ಮುಳುಗಬೇಕು, ತಳ ಬದಿ ಯಾವುದಕ್ಕೂ ತಾಗಬಾರದು, ಗುಳ್ಳೆ ಅಂಟಿದ್ದರೆ ಮೆಲ್ಲಗೆ ಅಲ್ಲಾಡಿಸಿ. ತಕ್ಕಡಿ 0.45 ಆಸುಪಾಸು ತೋರಿಸಬೇಕು. 7.98 ಅನ್ನು 0.45ರಿಂದ ಭಾಗಿಸಿದರೆ 17.7. 22 ಕ್ಯಾರೆಟ್ ಚಿನ್ನದ ಸಾಂದ್ರತೆ ಅದರ ಹತ್ತಿರವೇ. ಹಿತ್ತಾಳೆಗೆ ಪೂಸಿದ್ದಾದರೆ ಅದರ ಅರ್ಧದಷ್ಟೂ ಬರುವುದಿಲ್ಲ. ಶುದ್ಧ ಚಿನ್ನದ ನಾಣ್ಯಕ್ಕೆ ಮಾತ್ರ ಈ ಒಂದು ಪರೀಕ್ಷೆ ಸಾಲದು, ಯಾಕೆಂದರೆ ಟಂಗ್‌ಸ್ಟನ್ನಿನ ಸಾಂದ್ರತೆ ಅಪರಂಜಿಗೆ ತೀರಾ ಹತ್ತಿರ. ದೊಡ್ಡ ನಾಣ್ಯಗಳಿಗೆ ಅಳತೆ, ದಪ್ಪ, ಬಡಿದಾಗ ಬರುವ ನಾದ ಎಲ್ಲ ನೋಡಬೇಕು.

ಇನ್ನು ನಮ್ಮ ಊರಿನ ಆಯ್ಕೆಗಳು

ಭಾರತದಲ್ಲಿ ಬುಲಿಯನ್ ನಾಣ್ಯದ ರೂಢಿ ತಡವಾಗಿ ಬಂತು. 1968ರ ಚಿನ್ನ ನಿಯಂತ್ರಣ ಕಾಯ್ದೆ ಮನೆಯಲ್ಲಿ ಗಟ್ಟಿ ಚಿನ್ನ ಇಟ್ಟುಕೊಳ್ಳುವುದನ್ನೇ ತಡೆದಿತ್ತು, 1990ರಲ್ಲಿ ಅದು ರದ್ದಾಯಿತು. ಒಡವೆಯೇ ಉಳಿತಾಯ ಅನ್ನುವ ಅಭ್ಯಾಸ ಗಟ್ಟಿಯಾಗಲು ಅದೂ ಒಂದು ಕಾರಣ.

ಈಗ ಸರ್ಕಾರದ ಇಂಡಿಯನ್ ಗೋಲ್ಡ್ ಕಾಯಿನ್ ಇದೆ, 2015ರ ನವೆಂಬರ್‌ನಲ್ಲಿ ಬಂದದ್ದು. ಒಂದು ಕಡೆ ಅಶೋಕ ಚಕ್ರ, ಇನ್ನೊಂದು ಕಡೆ ಗಾಂಧೀಜಿ, 24 ಕ್ಯಾರೆಟ್, ಹಾಲ್‌ಮಾರ್ಕ್ ಸಮೇತ. ಚಿನ್ನ ಶುದ್ಧೀಕರಿಸುವ ಕಂಪನಿ ಎಂಎಂಟಿಸಿ-ಪ್ಯಾಂಪ್‌ನ 9999 ನಾಣ್ಯಗಳಿವೆ. ಬ್ಯಾಂಕುಗಳದ್ದಿವೆ. ಒಡವೆ ಅಂಗಡಿಗಳ ಲಕ್ಷ್ಮಿ ಕಾಸುಗಳಿವೆ.

ಬ್ಯಾಂಕಿನದ್ದರ ಬಗ್ಗೆ ನನ್ನ ಅನುಭವ ಹೇಳಿಬಿಡುತ್ತೇನೆ. ಎಷ್ಟೋ ವರ್ಷದ ಹಿಂದೆ ಒಂದು ಬ್ಯಾಂಕಿನಲ್ಲಿ 10 ಗ್ರಾಂ ನಾಣ್ಯ ಕೊಂಡೆ, ಸೀಲ್ ಮಾಡಿದ ಕವರ್, ಸರ್ಟಿಫಿಕೇಟ್ ಎಲ್ಲ ಇತ್ತು. ಮಗಳ ಕಾಲೇಜು ಫೀಸಿಗೆ ಮಾರೋಣ ಅಂತ ಅದೇ ಬ್ಯಾಂಕಿಗೆ ಹೋದರೆ "ನಾವು ವಾಪಸ್ ತಗೊಳ್ಳಲ್ಲ ಸರ್" ಅಂದರು. ಬ್ಯಾಂಕುಗಳಿಗೆ ಮಾರಲು ಅನುಮತಿ ಇದೆ, ಮರಳಿ ಕೊಳ್ಳಲು ಇಲ್ಲ. ಕೊಳ್ಳುವ ದಿನ ಅದನ್ನು ಯಾರೂ ಹೇಳಿರಲಿಲ್ಲ. ಆಮೇಲೆ ಒಡವೆ ಅಂಗಡಿಗೆ ಹೋದೆ. ನನ್ನ ಕಣ್ಣೆದುರೇ ಕವರ್ ಕತ್ತರಿಸಿದರು, ಮೆಷಿನ್‌ನಲ್ಲಿ ಇಟ್ಟರು, 99.9 ಅಂತ ಬಂತು, ಆದರೂ ಶೇ 2 ಕಳೆದರು. ಅದೇ ಅಂಗಡಿಯಲ್ಲಿ ಕೊಂಡದ್ದಾಗಿದ್ದರೆ ಕಳೆಯುತ್ತಿರಲಿಲ್ಲ ಅಂದರು. ಆ ದಿನದಿಂದ ನಾನು ನಾಣ್ಯ ಕೊಳ್ಳುವ ಮೊದಲು ಕೇಳುವ ಮಾತು, "ವಾಪಸ್ ತಂದರೆ ಎಷ್ಟು ಕೊಡ್ತೀರಿ? ಬಿಲ್ ಮೇಲೆ ಬರೆದು ಕೊಡಿ."

ಹಾಗಂತ ಬ್ಯಾಂಕಿನ ನಾಣ್ಯಕ್ಕೆ ಲಾಭ ಇಲ್ಲವೆಂದಲ್ಲ. ಚಿನ್ನದ ಸಾಲಕ್ಕೆ ನಾಣ್ಯ ಅಡವಿಡುವುದಾದರೆ ಬ್ಯಾಂಕುಗಳು ಬಹಳ ಕಾಲ ಒಪ್ಪುತ್ತಿದ್ದದ್ದು ಬ್ಯಾಂಕುಗಳು ಮಾರಿದ ನಾಣ್ಯವನ್ನೇ, ಅದೂ 50 ಗ್ರಾಂ ಮಿತಿಯೊಳಗೆ. ಗಿರವಿ ಇಡುವ ಸಂದರ್ಭ ಬರಬಹುದು ಅನ್ನಿಸಿದರೆ ಅದು ದೊಡ್ಡ ಮಾತು. ಅಂಗಡಿಯ ಲಕ್ಷ್ಮಿ ಕಾಸಿಗೂ ಕ್ರೂಗರ್‌ರಾಂಡ್‌ಗೂ ಆಗ ಆ ದಾರಿ ಇರಲಿಲ್ಲ.

ಮುಂದೆ ಒಡವೆ ಮಾಡಿಸುವ ಉದ್ದೇಶವಾದರೆ ನಂಬಿಕೆಯ ಅಂಗಡಿಯ ಹಾಲ್‌ಮಾರ್ಕ್ ನಾಣ್ಯವೇ ಸರಿ, ಬದಲಾಯಿಸುವಾಗ ಪೂರ್ತಿ ಬೆಲೆ ಹಿಡಿಯುತ್ತಾರೆ. ದುಡ್ಡಾಗಿ ಬೇಕು ಅನ್ನುವವರು ವಾಪಸ್ ಕೊಳ್ಳುವ ಷರತ್ತು ಸ್ಪಷ್ಟವಾಗಿರುವ ಕಡೆಯೇ ಕೊಳ್ಳಲಿ. 24 ತಿಂಗಳು ದಾಟಿ ಮಾರಿದರೆ ಲಾಭಕ್ಕೆ ಶೇ 12.5 ತೆರಿಗೆ, ಅದರೊಳಗೆ ಮಾರಿದರೆ ನಿಮ್ಮ ಆದಾಯದ ಸ್ಲ್ಯಾಬ್ ಪ್ರಕಾರ. ಕೊಂಡ ಬೆಲೆ ತೋರಿಸಲು ಬಿಲ್ ಬೇಕು. ಈಗಿನ ಅಂಗಡಿ ಬಿಲ್ಲುಗಳ ಅಕ್ಷರ ಎರಡು ವರ್ಷದಲ್ಲಿ ಮಾಸಿಹೋಗುತ್ತದೆ, ಮನೆಗೆ ಬಂದ ದಿನವೇ ಜೆರಾಕ್ಸ್ ಮಾಡಿಸಿ ಇಡಿ.

ಮೇಷ್ಟ್ರಿಗೆ ಹೇಳಿದ್ದು ಹೀಗೆ: ಒಂದು 20 ಗ್ರಾಂ ಬದಲು 10 ಗ್ರಾಂನ ಎರಡು, 1 ಗ್ರಾಂ 2 ಗ್ರಾಂ ಬೇಡವೇ ಬೇಡ, ಒಂದು ಬ್ಯಾಂಕಿನದ್ದು, ಇನ್ನೊಂದು ವಾಪಸ್ ಕೊಳ್ಳುತ್ತೇವೆ ಅಂತ ಬರೆದು ಕೊಡುವ ಅಂಗಡಿಯದ್ದು. ಹಾಗೇ ಮಾಡಿದರು. ಗೆಳೆಯ ಕಾಲು ಔನ್ಸ್ ಈಗಲ್ ನಾಲ್ಕು ತೆಗೆದುಕೊಂಡ, ಮಕ್ಕಳಿಬ್ಬರಿಗೂ ಹಂಚಲು ಆಗುತ್ತದೆ ಅಂತ.

ಲಂಡನ್ ತಂಗಿಗೆ ಸವರನ್ ಅಂತಲೇ ಹೇಳಿದೆ. ಅಜ್ಜಿಯ ಸರದ ಮುಂಬಯಿ ನಾಣ್ಯವನ್ನು ತನಗೆ ಕೊಡುತ್ತೀಯಾ ಅಂತ ಕೇಳಿದಳು. ಕೊಡಲು ನನಗೆ ಸಂತೋಷವೇ, ಆದರೆ 100 ವರ್ಷ ದಾಟಿದ ನಾಣ್ಯ 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು. 2018ಕ್ಕೆ ಅದಕ್ಕೆ ನೂರು ತುಂಬಿತು, ಇನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಮನೆಯಲ್ಲಿ ಹಳೆಯ ನಾಣ್ಯ ಇಟ್ಟುಕೊಂಡು ವಿದೇಶದ ಮಕ್ಕಳಿಗೆ ಕಳಿಸೋಣ ಅಂದುಕೊಂಡವರು ಇದನ್ನು ಗಮನಿಸಿ. ಅವಳೀಗ ಅಲ್ಲಿನ ವ್ಯಾಪಾರಿಗಳ ಹತ್ತಿರವೇ 1918ರ ಐ ಗುರುತಿನ ಸವರನ್ ಹುಡುಕುತ್ತಿದ್ದಾಳೆ. ಕೊಂಡಿ ಇಲ್ಲದ್ದು, ಗಡ್ಡದ ಕೂದಲು ಕಾಣುವಂಥದ್ದು ಸಿಕ್ಕರೆ ಫೋಟೋ ಕಳಿಸು ಅಂದಿದ್ದೇನೆ.